ನೀಲಗಿರಿಯಲ್ಲಿ ಇ-ಆಫೀಸ್: ಕಡತ ಕಂಪ್ಯೂಟರಿಗೆ ಹೋದ ಮೇಲೆ ನಮ್ಮ ಅರ್ಜಿ ಎಲ್ಲಿರುತ್ತದೆ?

"ಫೈಲ್ ಮೇಲೆ ಹೋಗಿದೆ." ತಾಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆಲ್ಲ ಈ ಉತ್ತರ ಗೊತ್ತು. ಮೇಲೆ ಅಂದರೆ ಎಲ್ಲಿ, ಯಾರ ಮೇಜಿನಲ್ಲಿ, ಎಷ್ಟು ದಿನದಿಂದ ಅಂತ ಕೇಳುವ ಧೈರ್ಯ ಹೆಚ್ಚಿನವರಿಗೆ ಇರಲಿಲ್ಲ. ಕೇಳಿದರೂ ಉತ್ತರ ಕೊಡಬೇಕಾದ ಗುಮಾಸ್ತರಿಗೇ ಕೆಲವೊಮ್ಮೆ ಗೊತ್ತಿರುತ್ತಿರಲಿಲ್ಲ. ಈಗ ಅದೇ ಕಡತ ಕಂಪ್ಯೂಟರಿನಲ್ಲಿ ಓಡಾಡುತ್ತದೆ. ಓಡಾಡಿದ ಪ್ರತಿ ಹೆಜ್ಜೆಗೂ ದಿನ, ಗಂಟೆ, ಹೆಸರು ದಾಖಲಾಗುತ್ತದೆ. ಹಾಗಾದರೆ ನಮ್ಮ ಕೆಲಸ ಬೇಗ ಆಗುತ್ತದೆಯೇ? ಕೆಲವು ಆಗುತ್ತವೆ, ಕೆಲವು ಆಗುವುದಿಲ್ಲ. ಯಾಕೆ ಅಂತ ತಿಳಿಯಲು ನೀಲಗಿರಿ ಜಿಲ್ಲೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗಲಿಕ್ಕಿಲ್ಲ.

ನಮ್ಮ ಪೈಕಿ ಹೆಚ್ಚಿನವರಿಗೆ ನೀಲಗಿರಿ ಅಂದರೆ ಊಟಿ ಪ್ರವಾಸ. ಗುಂಡ್ಲುಪೇಟೆ ದಾಟಿ, ಬಂಡೀಪುರ ದಾಟಿ, ಕಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ತಮಿಳುನಾಡಿಗೆ ಕಾಲಿಟ್ಟರೆ ಒಂದು ದಾರಿ ಮಸಿನಗುಡಿಗೆ, ಇನ್ನೊಂದು ಗೂಡಲೂರಿಗೆ. ಆದರೆ ಅದು ಮೂರು ರಾಜ್ಯ ಸೇರುವ ಜಾಗ. ಕನ್ನಡ, ಮಲಯಾಳ, ತಮಿಳು ಒಂದೇ ಬಜಾರಿನಲ್ಲಿ ಕೇಳುತ್ತವೆ. ಜನಗಣತಿಯಲ್ಲಿ ಕನ್ನಡದ ಅಡಿಯಲ್ಲೇ ಎಣಿಸುವ ಬಡಗ ಮಾತಾಡುವವರು 2011ರಲ್ಲಿ 1.33 ಲಕ್ಷ ಇದ್ದರು. ಇಡೀ ಜಿಲ್ಲೆಯ ಜನಸಂಖ್ಯೆ ಆಗ 7.35 ಲಕ್ಷ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮವರಿಗೆ ಗಡಿಯಲ್ಲಿ ಬದುಕುವುದು ಹೊಸತೇನಲ್ಲ. ಕಚೇರಿಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು, ಅರ್ಜಿಯ ಕಾಲಂ ಮೂರನೆಯದು ಅನ್ನುವ ಕಷ್ಟ ಅಲ್ಲಿಯೂ ಇಲ್ಲಿಯೂ ಒಂದೇ.

ಮೊದಲು ಹಳೆಯ ಪದ್ಧತಿ

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ, ಕಾಸರಗೋಡು, ನೀಲಗಿರಿ ಎಲ್ಲವೂ ಒಂದೇ ಮದರಾಸು ರಾಜ್ಯದ ಕೆಳಗಿದ್ದವು. ಮಂಗಳೂರಿನ ಕಲೆಕ್ಟರ್ ಕಚೇರಿಯಲ್ಲೂ ಊಟಿಯ ಕಲೆಕ್ಟರ್ ಕಚೇರಿಯಲ್ಲೂ ಕಡತ ನಡೆಸುವ ಕ್ರಮ ಒಂದೇ. ಐಸಿಎಸ್ ಅಧಿಕಾರಿಯೊಬ್ಬರ ಹೆಸರಿನಿಂದ ಅದನ್ನು ಟಾಟನ್‌ಹ್ಯಾಮ್ ಪದ್ಧತಿ ಅನ್ನುತ್ತಿದ್ದರು. ಬಂದ ಪ್ರತಿ ಕಾಗದಕ್ಕೂ ಒಂದು ಸಂಖ್ಯೆ. ಪ್ರತಿ ಗುಮಾಸ್ತನ ಹತ್ತಿರ ಒಂದು ಪರ್ಸನಲ್ ರಿಜಿಸ್ಟರ್. ಕೆಲಸ ಮುಗಿದ ಮೇಲೆ ಆ ಕಡತವನ್ನು ಎಷ್ಟು ವರ್ಷ ಇಡಬೇಕು ಅಂತ ತೋರಿಸುವ ಗುರುತು. ಆರ್.ಡಿಸ್. ಅಂದರೆ ಶಾಶ್ವತ, ಡಿ.ಡಿಸ್. ಅಂದರೆ ಹತ್ತು ವರ್ಷ, ಎಲ್.ಡಿಸ್. ಅಂದರೆ ಒಂದು ವರ್ಷ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಜಾಗದ ಕಾಗದ ಇದ್ದರೆ ತೆಗೆದು ನೋಡಿ, ಮೂಲೆಯಲ್ಲಿ ಇಂಥದ್ದೊಂದು ಗುರುತು ಇರಬಹುದು.

ಬೇಸಿಗೆ ಬಂದರೆ ಮದರಾಸು ಸರ್ಕಾರವೇ ಊಟಿಗೆ ಹತ್ತುತ್ತಿದ್ದ ಕಾಲ ಅದು. ಅಧಿಕಾರಿಗಳ ಜೊತೆ ಕಡತದ ಕಟ್ಟುಗಳೂ ಬೆಟ್ಟ ಹತ್ತಬೇಕಿತ್ತು. ಕಡತ ಎಲ್ಲಿದೆಯೋ ಅಲ್ಲೇ ಆಡಳಿತ.

ಆ ಪದ್ಧತಿ ಕೆಟ್ಟದ್ದಾಗಿರಲಿಲ್ಲ ಅನ್ನಬೇಕು. ಸರಿಯಾಗಿ ರಿಜಿಸ್ಟರ್ ಬರೆದರೆ ಯಾವ ಕಾಗದ ಯಾರ ಹತ್ತಿರ ಬಾಕಿ ಇದೆ ಅಂತ ಅದರಲ್ಲೂ ಗೊತ್ತಾಗುತ್ತಿತ್ತು. ಬರೆಯದಿದ್ದಾಗ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇ-ಆಫೀಸ್ ಬದಲಿಸಿದ್ದು ಮುಖ್ಯವಾಗಿ ಇದನ್ನೇ: ಈಗ ರಿಜಿಸ್ಟರನ್ನು ಬರೆಯುವುದು ಯಂತ್ರ, ಬರೆಯದೆ ಬಿಡುವ ಆಯ್ಕೆ ಗುಮಾಸ್ತರಿಗಿಲ್ಲ.

ಇ-ಆಫೀಸ್ ಒಳಗೆ ಏನಾಗುತ್ತದೆ

ಇ-ಆಫೀಸ್ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ ತಯಾರಿಸಿದ ತಂತ್ರಾಂಶ. 2006ರ ರಾಷ್ಟ್ರೀಯ ಇ-ಆಡಳಿತ ಯೋಜನೆಯಿಂದ ಹುಟ್ಟಿದ ಕೆಲಸಗಳಲ್ಲಿ ಇದೂ ಒಂದು. ತಮಿಳುನಾಡಿನಲ್ಲಿ ಸಚಿವಾಲಯದಿಂದ ಜಿಲ್ಲಾಧಿಕಾರಿ ಕಚೇರಿಗಳವರೆಗೆ ಹಂತ ಹಂತವಾಗಿ ಇಳಿಯಿತು. ಕೇರಳದಲ್ಲೂ ಕರ್ನಾಟಕದಲ್ಲೂ ಇದೇ ತಂತ್ರಾಂಶ ಬಳಕೆಯಲ್ಲುಂಟು.

ನಾವು ಕೊಟ್ಟ ಮನವಿಯನ್ನು ಟಪಾಲು ವಿಭಾಗದಲ್ಲಿ ಸ್ಕ್ಯಾನ್ ಮಾಡುತ್ತಾರೆ. ಅದಕ್ಕೊಂದು ಸ್ವೀಕೃತಿ ಸಂಖ್ಯೆ ಬೀಳುತ್ತದೆ. ಸಂಬಂಧಪಟ್ಟ ಗುಮಾಸ್ತರು ಅದನ್ನು ಇರುವ ಕಡತಕ್ಕೆ ಸೇರಿಸುತ್ತಾರೆ, ಇಲ್ಲವೇ ಹೊಸ ಕಡತ ತೆರೆಯುತ್ತಾರೆ. ಪರದೆಯ ಒಂದು ಬದಿಯಲ್ಲಿ ಹಸಿರು ಹಾಳೆಯಂತೆ ಕಾಣುವ ಟಿಪ್ಪಣಿ, ಇನ್ನೊಂದು ಬದಿಯಲ್ಲಿ ಪತ್ರವ್ಯವಹಾರ. ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಿದರೆ ಅದನ್ನು ಮತ್ತೆ ತಿದ್ದುವಂತಿಲ್ಲ. ಕಾಗದದ ಕಾಲದಲ್ಲಿ ಹಾಳೆ ಕಳಚಿ ಬೇರೆ ಹಾಳೆ ಸೇರಿಸುವ ಕೆಲಸ ನಡೆಯುತ್ತಿತ್ತಲ್ಲ, ಅದು ಈಗ ಸುಲಭವಲ್ಲ. ಸಹಿ ಹಾಕುವುದು ಡಿಜಿಟಲ್ ಆಗಿ. 2000ರ ಮಾಹಿತಿ ತಂತ್ರಜ್ಞಾನ ಕಾಯಿದೆ ಇಂಥ ದಾಖಲೆಗೂ ಸಹಿಗೂ ಕಾನೂನಿನ ಮಾನ್ಯತೆ ಕೊಟ್ಟಿದೆ.

ಅದೇ ಕಾಯಿದೆಯ 9ನೇ ಕಲಂ ಹೆಚ್ಚಿನವರಿಗೆ ಗೊತ್ತಿಲ್ಲ. ನನ್ನ ಅರ್ಜಿಯನ್ನು ಆನ್‌ಲೈನಿನಲ್ಲೇ ತಗೊಳ್ಳಿ ಎಂದು ಸರ್ಕಾರಿ ಕಚೇರಿಯನ್ನು ಒತ್ತಾಯಿಸುವ ಹಕ್ಕು ಈ ಕಾಯಿದೆಯಿಂದ ಬರುವುದಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಕಚೇರಿಗೆ ಡಿಜಿಟಲ್ ಆಗುವ ಅಧಿಕಾರ ಕೊಟ್ಟ ಕಾನೂನು, ನಾಗರಿಕನಿಗೆ ಅದನ್ನು ಕೇಳುವ ಹಕ್ಕು ಕೊಡಲಿಲ್ಲ. ಇ-ಆಫೀಸಿನ ಒಳಗಿನ ಓಡಾಟವೂ ಹಾಗೆಯೇ, ಅದು ಸಾರ್ವಜನಿಕರಿಗೆ ತಾನಾಗಿ ಕಾಣುವುದಿಲ್ಲ. ಹೆಜ್ಜೆಗುರುತು ಒಳಗೆ ಉಂಟು, ಹೊರಗೆ ನಿಂತವನು ಕೇಳಿ ಪಡೆಯಬೇಕು.

ಮೂರು ಬಾಗಿಲು, ಒಂದೇ ಹೆಸರು

"ಆನ್‌ಲೈನ್ ಹಾಕಿದ್ದೇನೆ" ಅಂತ ಎಲ್ಲರೂ ಹೇಳ್ತಾರೆ. ಎಲ್ಲಿ ಹಾಕಿದ್ದು ಅಂತ ಕೇಳಿದರೆ ಗೊತ್ತಿರುವುದಿಲ್ಲ. ನೀಲಗಿರಿಯಲ್ಲಿ ಕನಿಷ್ಠ ಮೂರು ಬೇರೆ ಬೇರೆ ಬಾಗಿಲುಗಳಿವೆ.

ಮೊದಲನೆಯದು ಇ-ಸೇವೈ. ತಮಿಳುನಾಡಿನಲ್ಲಿ ಇ-ಡಿಸ್ಟ್ರಿಕ್ಟ್ ಯೋಜನೆಯನ್ನು ಮೊದಲು ಪ್ರಯೋಗ ಮಾಡಿದ ಆರು ಜಿಲ್ಲೆಗಳಲ್ಲಿ ನೀಲಗಿರಿಯೂ ಒಂದು. ಜಾತಿ, ವಾಸ್ತವ್ಯ, ಆದಾಯ ಪ್ರಮಾಣಪತ್ರಗಳು ಇಲ್ಲಿ. ಸೇವೆಗಳಿಗೆ ಸಂಖ್ಯೆಯೂ ಇದೆ: ರೆವ್-101 ಸಮುದಾಯ, ರೆವ್-102 ವಾಸ್ತವ್ಯ, ರೆವ್-103 ಆದಾಯ. ಅರ್ಜಿದಾರರಿಗೆ ಮೊದಲು ಕ್ಯಾನ್ ಎಂಬ ನಾಗರಿಕ ಸಂಖ್ಯೆ ಸಿಗುತ್ತದೆ. ಅರ್ಜಿ ಗ್ರಾಮ ಆಡಳಿತ ಅಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರ್, ತಹಶೀಲ್ದಾರರ ಕಚೇರಿ ಅಂತ ಮೇಲೇರುತ್ತದೆ. ಕೊನೆಗೆ ಕ್ಯೂಆರ್ ಕೋಡ್ ಇರುವ, ಡಿಜಿಟಲ್ ಸಹಿಯ ಪತ್ರ ಬರುತ್ತದೆ. ಅದಕ್ಕೆ ರಬ್ಬರ್ ಸೀಲು ಬೇಕಾಗಿಲ್ಲ, ಆದರೂ ಗಡಿಯಾಚೆಯ ಕಾಲೇಜುಗಳಲ್ಲಿ "ಸೀಲ್ ಎಲ್ಲಿ?" ಅಂತ ಕೇಳುವುದುಂಟು.

ಎರಡನೆಯದು ಭೂದಾಖಲೆ. ಪಟ್ಟಾ, ಚಿಟ್ಟಾ, ಎ-ರಿಜಿಸ್ಟರ್ ಇರುವ ತಮಿಳ್ ನಿಲಂ. ನಮ್ಮ ಭೂಮಿ ಯೋಜನೆಯ ಸಂಬಂಧಿಕ ಅಂದುಕೊಳ್ಳಿ.

ಮೂರನೆಯದು ಇ-ಪಾಸ್. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೂ ಕೊಡೈಕನಾಲಿಗೂ ಹೋಗುವ ಪ್ರವಾಸಿ ವಾಹನಗಳಿಗೆ ಇದು ಕಡ್ಡಾಯವಾಯಿತು. 2025ರ ಏಪ್ರಿಲಿನಿಂದ ಆ ಸೀಸನ್‌ಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳ ಮಿತಿ ಬಂತು. ಮಂಗಳೂರಿನಿಂದ ಕಾರಲ್ಲಿ ಹೋದವರಿಗೆ ನೀಲಗಿರಿಯ ಡಿಜಿಟಲ್ ಆಡಳಿತ ಕಂಡದ್ದು ಇಷ್ಟೇ. ಫೋನಿನಲ್ಲಿ ನಾಲ್ಕು ವಿವರ ತುಂಬಿಸಿದರೆ ಪಾಸ್ ಬಂತು, ಯಾವ ಅಧಿಕಾರಿಯೂ ಕೂತು ಯೋಚಿಸಲಿಲ್ಲ. ಹಾಗಾಗಿಯೇ ಅದು ಬೇಗ ಆಯಿತು.

ಇ-ಆಫೀಸ್ ಈ ಮೂರೂ ಅಲ್ಲ. ಅದು ಕಚೇರಿಯ ಒಳಮನೆ. ನಿಯಮದ ಪ್ರಕಾರ ನೇರವಾಗಿ ಆಗದ ವಿಷಯಗಳು, ಅಂದರೆ ವಿವಾದ, ಮೇಲ್ಮನವಿ, ವಿನಾಯಿತಿ, ತಿದ್ದುಪಡಿ, ಯಾರಾದರೂ ತಲೆ ಓಡಿಸಿ ನಿರ್ಧರಿಸಬೇಕಾದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಜನರ ನಿಜವಾದ ಕಷ್ಟ ಇರುವುದೂ ಅಲ್ಲಿಯೇ.

ಗೂಡಲೂರು: ಕಾಲಂ ಖಾಲಿ ಇದ್ದರೆ

ಗೂಡಲೂರು, ಪಂದಲೂರು ಪ್ರದೇಶ ಹಿಂದೆ ಮಲಬಾರಿನ ವಯನಾಡಿನ ಭಾಗ. 1877ರಲ್ಲಿ ಅದನ್ನು ನೀಲಗಿರಿಗೆ ಸೇರಿಸಿದರು. ನೆಲ ಬೆಟ್ಟಕ್ಕೆ ಸೇರಿತು, ಆದರೆ ಹಿಡುವಳಿ ಮಲಬಾರಿನದ್ದೇ ಉಳಿಯಿತು. ನಿಲಂಬೂರು ಕೋವಿಲಗದ ಜನ್ಮ ಭೂಮಿ, ಅದರಲ್ಲಿ ಗುತ್ತಿಗೆಗೆ ಪಡೆದ ಚಹಾ, ಕಾಫಿ ತೋಟಗಳು, ಮಲಬಾರಿನಿಂದ ಹತ್ತಿ ಬಂದ ಕೃಷಿಕರು, ಮೊದಲಿನಿಂದಲೂ ಇದ್ದ ಪಣಿಯ, ಕುರುಂಬ, ಕಾಟ್ಟುನಾಯ್ಕರು, 1964ರ ಶ್ರೀಲಂಕಾ ಒಪ್ಪಂದದ ನಂತರ ಬಂದ ತಮಿಳರು. ಎಲ್ಲರ ಕಾಲ ಕೆಳಗೂ ಅದೇ ನೆಲ.

1969ರಲ್ಲಿ ತಮಿಳುನಾಡು ಗೂಡಲೂರು ಜನ್ಮಂ ಎಸ್ಟೇಟ್ ರದ್ದತಿ ಕಾಯಿದೆ ತಂದಿತು. ಸುಮಾರು 80 ಸಾವಿರ ಎಕರೆಯ ಪ್ರಶ್ನೆ. 1972ರಲ್ಲಿ ಸುಪ್ರೀಂ ಕೋರ್ಟ್ ಬಾಲ್ಮಾಡೀಸ್ ಪ್ಲಾಂಟೇಶನ್ಸ್ ಪ್ರಕರಣದಲ್ಲಿ ಜನ್ಮ ಎಸ್ಟೇಟಿನ ಕಾಡುಗಳಿಗೆ ಸಂಬಂಧಿಸಿ ಅದನ್ನು ಹೊಡೆದುಹಾಕಿತು. 1974ರಲ್ಲಿ ಸಂವಿಧಾನದ 34ನೇ ತಿದ್ದುಪಡಿ ಅದನ್ನು ಒಂಬತ್ತನೇ ಪರಿಚ್ಛೇದಕ್ಕೆ ಸೇರಿಸಿ ಕಾಪಾಡಿತು; ಅದೇ ವರ್ಷ ನವೆಂಬರಿನಲ್ಲಿ ಜಾರಿಗೆ ಬಂತು. ಆ ಸೇರ್ಪಡೆಯನ್ನೇ ಪ್ರಶ್ನಿಸಿದ ಪ್ರಕರಣ ಐ.ಆರ್. ಕೊಯೆಲೊ ವಿರುದ್ಧ ತಮಿಳುನಾಡು ರಾಜ್ಯ. 2007ರ ಜನವರಿ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ಕೊಟ್ಟ ಆ ತೀರ್ಪನ್ನು ಕಾನೂನು ಓದುವ ನಮ್ಮ ಹುಡುಗ ಹುಡುಗಿಯರೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ: 1973ರ ಏಪ್ರಿಲ್ 24ರ ನಂತರ ಒಂಬತ್ತನೇ ಪರಿಚ್ಛೇದಕ್ಕೆ ಸೇರಿಸಿದ ಕಾನೂನುಗಳನ್ನೂ ಮೂಲ ಸ್ವರೂಪದ ಮೇಲೆ ಪರಿಶೀಲಿಸಬಹುದು. ಆ ಪ್ರಸಿದ್ಧ ತೀರ್ಪಿನ ಹಿಂದೆ ಗೂಡಲೂರಿನ ತೋಟ, ಮನೆ, ಕಾಡುಗಳಿವೆ ಅನ್ನುವುದು ಪಠ್ಯದಲ್ಲಿ ಬಿಟ್ಟುಹೋಗುತ್ತದೆ.

ಕಾಯಿದೆಯ 17ನೇ ಕಲಂ ತೋಟದ ಗುತ್ತಿಗೆಗಳ ಬಗ್ಗೆ. ಅದರಡಿ ಇತ್ಯರ್ಥವಾಗದೆ ಉಳಿದ ನೆಲವನ್ನು ಊರಲ್ಲಿ "ಸೆಕ್ಷನ್ 17 ಜಾಗ" ಅಂತಲೇ ಕರೆಯುತ್ತಾರೆ. ಅಲ್ಲಿ ತಲೆಮಾರುಗಳಿಂದ ಮನೆ ಕಟ್ಟಿ ಕೂತವರಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದ್ದರಿಂದ ವಿದ್ಯುತ್ ಸಂಪರ್ಕಕ್ಕೂ ವರ್ಷಗಟ್ಟಲೆ ಕಾದವರು ಬಹಳ.

ಈಗ ಇಂಥವರು ಆನ್‌ಲೈನ್ ಅರ್ಜಿಯ ಮುಂದೆ ಕೂತರು ಅನ್ನಿ. ಪರದೆ ಕೇಳುತ್ತದೆ: ಪಟ್ಟಾ ಸಂಖ್ಯೆ? ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುವುದಿಲ್ಲ. ಹಿಂದೆ ಕಾಗದದ ಅರ್ಜಿಯಲ್ಲಿ "ಪಟ್ಟಾ ಆಗಿಲ್ಲ, 40 ವರ್ಷದಿಂದ ವಾಸ, ತೆರಿಗೆ ರಸೀದಿ ಲಗತ್ತಿಸಿದೆ" ಎಂದು ಬರೆದು ಕೊಡಬಹುದಿತ್ತು. ಅಧಿಕಾರಿ ಒಪ್ಪುತ್ತಿದ್ದರೋ ಬಿಡುತ್ತಿದ್ದರೋ, ಅರ್ಜಿ ಕೊಟ್ಟದ್ದಕ್ಕೆ ಗುರುತು ಉಳಿಯುತ್ತಿತ್ತು. ಪರದೆ ಸ್ವೀಕರಿಸದ ಅರ್ಜಿಗೆ ತಿರಸ್ಕಾರದ ಪತ್ರವೂ ಇಲ್ಲ, ಮೇಲ್ಮನವಿಗೆ ದಾರಿಯೂ ಇಲ್ಲ. ಅಂಕಿಅಂಶದಲ್ಲಿ ಅದು ಬಾಕಿ ಅರ್ಜಿಯೂ ಅಲ್ಲ. ಅಂಥ ಮನುಷ್ಯ ಅರ್ಜಿ ಹಾಕಲೇ ಇಲ್ಲ ಅನ್ನುವುದು ಕಂಪ್ಯೂಟರಿನ ಲೆಕ್ಕ. ಡಿಜಿಟಲ್ ಕಚೇರಿಯ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದು.

ಇಂಥವರು ಪೋರ್ಟಲ್ ಜೊತೆ ಗುದ್ದಾಡುವುದನ್ನು ಬಿಟ್ಟು ಲಿಖಿತ ಮನವಿ ಕೊಡುವುದು ಒಳ್ಳೆಯದು. ಸೋಮವಾರ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವ ಕುಂದುಕೊರತೆ ದಿನ, ವರ್ಷಕ್ಕೊಮ್ಮೆ ತಾಲೂಕಿನಲ್ಲಿ ನಡೆಯುವ ಜಮಾಬಂದಿ, ಎರಡೂ ಇದಕ್ಕೆ ಸರಿಯಾದ ಜಾಗ. ಅಲ್ಲಿ ಕೊಟ್ಟ ಕಾಗದ ಟಪಾಲಿನ ಮೂಲಕ ಇ-ಆಫೀಸಿಗೆ ಹೋದರೆ ಅದಕ್ಕೊಂದು ಸಂಖ್ಯೆ ಹುಟ್ಟುತ್ತದೆ. ನೆಲದ ಪ್ರಶ್ನೆ ಅದರಿಂದ ಬಗೆಹರಿಯುವುದಿಲ್ಲ. ಐವತ್ತು ವರ್ಷದ ಕೋರ್ಟಿನ ಗಂಟನ್ನು ತಂತ್ರಾಂಶ ಬಿಚ್ಚುವುದಿಲ್ಲ. ಆದರೆ ನಾಳೆ ಯಾವುದಾದರೂ ಸಮಿತಿ ಪಟ್ಟಿ ಮಾಡುವಾಗ ನಿಮ್ಮ ಹೆಸರು ದಾಖಲೆಯಲ್ಲಿರುತ್ತದೆ.

ಪಟ್ಟಿಯಲ್ಲಿ ಬ್ಯಾರಿ ಇಲ್ಲ

ಇನ್ನೊಂದು ಕಾಲಂ ನಮಗೆ ನೇರ ಸಂಬಂಧಿಸಿದ್ದು. ತಮಿಳುನಾಡಿನಲ್ಲಿ 2007ರಿಂದ ಹಿಂದುಳಿದ ವರ್ಗದ ಮುಸ್ಲಿಮರಿಗೆ ಶೇ. 3.5 ಪ್ರತ್ಯೇಕ ಮೀಸಲಾತಿ ಇದೆ. ಆ ಪಟ್ಟಿಯಲ್ಲಿರುವುದು ಏಳು ಹೆಸರು: ಅನ್ಸಾರ್, ದಖ್ಖನಿ ಮುಸ್ಲಿಂ, ದೂದೇಕುಲ, ಲಬ್ಬೈ (ರಾವುತ್ತರ್, ಮರೈಕಾಯರ್ ಸೇರಿ), ಮಾಪ್ಪಿಳ, ಶೇಖ್, ಸೈಯದ್. ಬ್ಯಾರಿ ಅಂತ ಇಲ್ಲ. ಕರ್ನಾಟಕದ 2ಬಿ ಪ್ರಮಾಣಪತ್ರಕ್ಕೆ ಅಭ್ಯಾಸವಾದ ಕುಟುಂಬ ಅಲ್ಲಿ ನೆಲೆಸಿ ಮಗುವಿಗೆ ಸಮುದಾಯ ಪ್ರಮಾಣಪತ್ರ ಮಾಡಿಸಲು ಹೋದರೆ ಸಿಕ್ಕಿಬೀಳುವುದು ಇಲ್ಲೇ.

ಸೇವಾ ಕೇಂದ್ರದ ಹುಡುಗ ಉಪಕಾರ ಅಂತ ತಿಳಿದು "ಮಾಪ್ಪಿಳ ಹಾಕಲಾ? ಹತ್ತಿರ ಹತ್ತಿರ ಒಂದೇ ಅಲ್ವಾ?" ಅಂತ ಕೇಳಬಹುದು. ಬೇಡ ಅನ್ನಿ. ಪಟ್ಟಿಯಿಂದ ಆರಿಸಿದ ಹೆಸರು ನಿಮ್ಮ ಹೇಳಿಕೆ ಆಗುತ್ತದೆ. ಹತ್ತು ವರ್ಷ ಕಳೆದು ಮೆಡಿಕಲ್ ಸೀಟಿನ ಹೊತ್ತಿಗೋ ಸರ್ಕಾರಿ ಕೆಲಸದ ಹೊತ್ತಿಗೋ ಪರಿಶೀಲನೆ ಬಂದಾಗ ತಂದೆಯ ಶಾಲಾ ದಾಖಲೆಯಲ್ಲಿ ಬ್ಯಾರಿ, ಮಗನ ಪತ್ರದಲ್ಲಿ ಮಾಪ್ಪಿಳ ಇದ್ದರೆ ಉತ್ತರ ಹೇಳಬೇಕಾದವರು ನೀವು. ಕೇಂದ್ರದ ಹುಡುಗ ಅಷ್ಟರಲ್ಲಿ ಬೇರೆಲ್ಲೋ ಇರುತ್ತಾನೆ. ತಹಶೀಲ್ದಾರರಿಗೆ ವಿವರ ಬರೆದು ಲಿಖಿತ ಉತ್ತರ ಕೇಳುವುದೇ ಸುರಕ್ಷಿತ.

ಮಸಿನಗುಡಿ: ಲೈನ್ ಮತ್ತು ಭಾಷೆ

ಮಸಿನಗುಡಿ ಮುದುಮಲೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಅಂಟಿಕೊಂಡ ಪಂಚಾಯತಿ. ಕನ್ನಡ ಅಲ್ಲಿ ಅಂಗಡಿ ಬೀದಿಯ ಮಾತು. ಇರುಳರು, ಕುರುಂಬರು ಇದ್ದಾರೆ. ಪರಿಶಿಷ್ಟ ಪಂಗಡದ ಪ್ರಮಾಣಪತ್ರ ತಮಿಳುನಾಡಿನಲ್ಲಿ ತಹಶೀಲ್ದಾರರ ಮಟ್ಟದಲ್ಲಿ ಮುಗಿಯುವುದಿಲ್ಲ, ಕಂದಾಯ ವಿಭಾಗಾಧಿಕಾರಿಯವರೆಗೆ ಹೋಗಬೇಕು. ಅಲ್ಲಿ ಇ-ಆಫೀಸಿನಿಂದ ಲಾಭವಿದೆ: ಕಡತ ಹೊತ್ತುಕೊಂಡು 36 ತಿರುವುಗಳ ಕಲ್ಲಟ್ಟಿ ಘಾಟಿ ಹತ್ತಬೇಕಾಗಿಲ್ಲ.

ಆದರೆ ಬೆಟ್ಟದ ಮಳೆ ಬೇರೆ ಥರ. 2019ರ ಆಗಸ್ಟಿನಲ್ಲಿ ಅವಲಾಂಚೆಯಲ್ಲಿ ಒಂದೇ ದಿನ 820 ಮಿ.ಮೀ. ಸುರಿಯಿತು. ಇಂಥ ಮಳೆಗೆ ಕಂಪ್ಯೂಟರಿನ ಕಡತ ನೆನೆಯುವುದಿಲ್ಲ, ಹೌದು. ಕರೆಂಟು ಮತ್ತು ಕೇಬಲ್ ಹೋದರೆ ತೆರೆಯುವುದೂ ಇಲ್ಲ. ಗುಡ್ಡ ಕುಸಿದು ಮನೆ ಹೋದವನಿಗೆ ಪರಿಹಾರದ ಕಡತ ಆ ವಾರವೇ ಬೇಕು. ಹಾಗಾಗಿ ಬೆಟ್ಟದ ಕಚೇರಿಗಳಲ್ಲಿ ಕಾಗದದ ಒಂದು ಪರ್ಯಾಯ ಕ್ರಮ ಇಟ್ಟುಕೊಳ್ಳುವುದು ಹಿಂದುಳಿದ ಯೋಚನೆ ಅಂತ ನನಗನಿಸುವುದಿಲ್ಲ.

ಭಾಷೆಯ ವಿಷಯದಲ್ಲಿ ಸಂವಿಧಾನದ 350ನೇ ವಿಧಿ ನೆನಪಿರಲಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಆನ್‌ಲೈನ್ ಅರ್ಜಿಯಲ್ಲಿ ಮಾತ್ರ ಭಾಷೆ ಆರಿಸುವವನು ತಂತ್ರಾಂಶ ಬರೆದವನು. ಕಾಸರಗೋಡಿನಲ್ಲೂ ಇದೇ ಕಥೆ ಶುರುವಾಗಿದೆ. ಕೇರಳದ ನಗರಸಭೆಗಳಿಗೆ 2024ರ ಜನವರಿ 1ರಿಂದ ಕೆ-ಸ್ಮಾರ್ಟ್ ಬಂದಿದೆ. ಕನ್ನಡಿಗರು ಕಾಗದದ ಫಾರಂ ಕನ್ನಡದಲ್ಲಿ ಬೇಕು ಅಂತ ಎಷ್ಟೋ ವರ್ಷ ಹೋರಾಡಿದರು. ಈಗ ಅದೇ ಬೇಡಿಕೆಯನ್ನು ಪರದೆಗೂ ಇಡಬೇಕಾಗಿದೆ.

ಹೆಸರಿನ ಅಕ್ಷರ

ತಮಿಳು ಲಿಪಿಯಲ್ಲಿ ಪ, ಬಗೆ ಒಂದೇ ಅಕ್ಷರ. ಕ, ಗಗೆ ಒಂದೇ. ತ, ದಗೆ ಒಂದೇ. ಬಷೀರ್ ಅಂತ ತಮಿಳಲ್ಲಿ ಬರೆದದ್ದನ್ನು ಗೊತ್ತಿಲ್ಲದವನು ಇಂಗ್ಲಿಷಿಗೆ ಟೈಪ್ ಮಾಡಿದರೆ ಪಷೀರ್ ಆಗಬಹುದು. ಮುಹಮ್ಮದ್, ಮೊಹಮ್ಮದ್, ಮಹಮ್ಮದ್, ಬರೀ ಎಂ.ಡಿ.! ನಮ್ಮ ಹೆಸರುಗಳು ಮೊದಲೇ ನಾಲ್ಕು ಥರ. ಮನೆ ಹೆಸರು ಮುಂದೆಯೋ ಹಿಂದೆಯೋ, ಅಪ್ಪನ ಹೆಸರಿನ ಇನಿಷಿಯಲ್ ಇದೆಯೋ ಇಲ್ಲವೋ, ಅದು ಇನ್ನೊಂದು ರಗಳೆ. ಗುಮಾಸ್ತ ಮನುಷ್ಯ ಆಗಿದ್ದಾಗ ಮುಖ ನೋಡಿ, ಊರು ಕೇಳಿ, ಒಬ್ಬನೇ ಅಂತ ಒಪ್ಪುತ್ತಿದ್ದ. ಎರಡು ದತ್ತಾಂಶವನ್ನು ಹೋಲಿಸುವ ಯಂತ್ರ ಒಂದಕ್ಷರ ಬೇರೆ ಇದ್ದರೆ ಇಬ್ಬರು ಅನ್ನುತ್ತದೆ. ಕರ್ನಾಟಕದಲ್ಲಿ ಕೈಬರಹದ ಪಹಣಿಗಳನ್ನು ಭೂಮಿ ತಂತ್ರಾಂಶಕ್ಕೆ ಏರಿಸಿದಾಗ ಹಳೆಯ ತಪ್ಪುಗಳೂ ಅಚ್ಚಾಗಿ ಕೂತವು; ಅದನ್ನು ತಿದ್ದಿಸಲು ಓಡಾಡಿದ ಮನೆಗಳು ನಮ್ಮಲ್ಲೂ ಇವೆ.

ಆದ್ದರಿಂದ ಸೇವಾ ಕೇಂದ್ರದಲ್ಲಿ ಕೂತಾಗ "ಸಬ್ಮಿಟ್" ಒತ್ತುವ ಮೊದಲು ಪರದೆಯನ್ನು ನಿಮ್ಮ ಕಡೆಗೆ ತಿರುಗಿಸಲು ಹೇಳಿ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಮೊಬೈಲ್ ಸಂಖ್ಯೆ ಓದಿ. ಮೊಬೈಲ್ ನಿಮ್ಮದೇ ಇರಲಿ; ಏಜೆಂಟರ ನಂಬರ್ ಕೊಟ್ಟರೆ ಓಟಿಪಿಯೂ ಸಂದೇಶವೂ ಅವರಿಗೇ ಹೋಗುತ್ತದೆ. ಓದಲು ಬಾರದ ಹಿರಿಯರ ಜೊತೆ ಮನೆಯ ಕಾಲೇಜು ಮಕ್ಕಳು ಒಂದು ದಿನ ಹೋದರೆ ಸಾಕು, ಮುಂದಿನ ಎರಡು ವರ್ಷದ ಅಲೆದಾಟ ತಪ್ಪುತ್ತದೆ.

ಸಂಖ್ಯೆ ಸಿಕ್ಕಿತು, ತಿಂಗಳಾಯಿತು, ಉತ್ತರ ಇಲ್ಲ ಅಂದರೆ? ತಮಿಳುನಾಡಿನಲ್ಲಿ ಮುಖ್ಯಮಂತ್ರಿ ಸಹಾಯವಾಣಿ 1100 ಇದೆ. ಕರ್ನಾಟಕದ ಸಕಾಲವೂ ಕೇರಳದ 2012ರ ಸೇವಾ ಹಕ್ಕು ಕಾಯಿದೆಯೂ ಅಲ್ಲಿ ನಡೆಯುವುದಿಲ್ಲ, ಅವು ಆಯಾ ರಾಜ್ಯದವು. ಎಲ್ಲೆಡೆ ನಡೆಯುವುದು 2005ರ ಮಾಹಿತಿ ಹಕ್ಕು ಕಾಯಿದೆ. ಕಂಪ್ಯೂಟರಿನಿಂದ ತಯಾರಾದ ಸಾಮಗ್ರಿಯೂ ಅದರಲ್ಲಿ ದಾಖಲೆಯೇ. ಅರ್ಜಿಯಲ್ಲಿ "ನನ್ನ ಕೆಲಸ ಯಾಕೆ ಆಗಲಿಲ್ಲ" ಅಂತ ಬರೆದರೆ ಜಾರಿಕೆಯ ಉತ್ತರ ಬರುತ್ತದೆ. ಹೀಗೆ ಬರೆಯಿರಿ: "ಇಂಥ ದಿನಾಂಕದಂದು ಇಂಥ ಸಂಖ್ಯೆಯಲ್ಲಿ ಸ್ವೀಕೃತವಾದ ನನ್ನ ಮನವಿಯ ಇ-ಕಡತ ಸಂಖ್ಯೆ, ಆ ಕಡತ ಯಾವ ಯಾವ ಅಧಿಕಾರಿಯ ಬಳಿ ಯಾವ ದಿನದಿಂದ ಯಾವ ದಿನದವರೆಗೆ ಇತ್ತು ಎಂಬ ಚಲನೆಯ ವಿವರ ಮತ್ತು ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ." ಉತ್ತರಕ್ಕೆ 30 ದಿನ, ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಕಾಗದದ ಕಾಲದಲ್ಲಿ ಇದಕ್ಕೆ "ರಿಜಿಸ್ಟರ್ ಸಿಗುತ್ತಿಲ್ಲ" ಎಂಬ ಉತ್ತರ ಬರಬಹುದಿತ್ತು. ಇ-ಆಫೀಸ್ ಇರುವ ಕಚೇರಿ ಹಾಗೆ ಹೇಳುವುದು ಕಷ್ಟ.